ಆಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಮೈಸೂರಿನ ಜಗನ್ಮೋಹನ ಅರಮನೆಯು ಚಿತ್ರಶಾಲೆಯೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ರವಿವರ್ಮನ ಚಿತ್ರಗಳನ್ನು ನೋಡಬೇಕೆಂಬ ಆಸೆಯಿಂದ ದೂರದೂರದ ಊರುಗಳ ಜನರು ಅಲ್ಲಿಗೆ ಬಂದುದುಂಟು. ಆದರೆ ಅದೇ ಅರಮನೆಯ ಒಂದು ಪಾರ್ಶ್ವದಲ್ಲಿ 1933ರಿಂದ 1950ರವರೆಗೆ ಯೋಗಶಾಲೆಯೊಂದು ನಡೆಯುತ್ತಿದ್ದಿತೆಂಬುದನ್ನು ಬಲ್ಲವರು ವಿರಳ. ಅಲ್ಲಿ ಅರಸು ಮನೆತನದ ಬಾಲಕರೂ ಊರಿನ ಕೆಲವು ತರುಣರೂ ಗುರುವಿನ ಕಣ್ಸನ್ನೆಗೆ ತಕ್ಕಂತೆ ಬಾಗುತ್ತ, ಏಳುತ್ತ, ಉಸಿರನ್ನು ಹಿಡಿಯುತ್ತ ಬಿಡುತ್ತ ಆಸನಗಳನ್ನು ಕಲಿಯುತ್ತಿದ್ದರು. ಗುರುವು ಗಿಡ್ಡನೆಯ ಆಳು, ಕಟ್ಟುಮಸ್ತಾದ ಮೈ, ಹಣೆಯಲ್ಲಿ ತಿರುನಾಮ, ನೋಟ ಮಾತ್ರ ಬೆಂಕಿಯಂತಹುದು. ಆ ನೋಟದೆದುರು ನಿಲ್ಲಲು ಬಾಲಕರಿರಲಿ, ದೊಡ್ಡವರೂ ಹಿಂಜರಿಯುತ್ತಿದ್ದರು. ಇದೇ ವ್ಯಕ್ತಿ ಮುಂದೆ ಮದರಾಸಿನ ತಮ್ಮ ಮನೆಯಲ್ಲಿ ನಿದ್ದೆ ಬಾರದವರಿಗೆ ನಿದ್ದೆಯನ್ನೂ, ಉಸಿರು ಕಟ್ಟಿದವರಿಗೆ ಉಸಿರನ್ನೂ, ಮನಸ್ಸು ಕದಡಿದವರಿಗೆ ಶಾಂತಿಯನ್ನೂ ದೊರಕಿಸಿಕೊಟ್ಟ ಚಿಕಿತ್ಸಕರೆಂದು ಲೋಕಪ್ರಸಿದ್ಧರಾದರು. ಅವರೇ ತಿರುಮಲೈ ಕೃಷ್ಣಮಾಚಾರ್ಯರು.

ಕೃಷ್ಣಮಾಚಾರ್ಯರು 1888ನೆಯ ಇಸವಿ ನವೆಂಬರ್ 18ರಂದು ಅಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಗ್ರಾಮದಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದವನ್ನು ಕಲಿಸುತ್ತಿದ್ದ ವಿದ್ವಾಂಸರು, ತಾಯಿ ರಂಗನಾಯಕಮ್ಮನವರು. ಶ್ರೀವೈಷ್ಣವ ಸಂಪ್ರದಾಯದ ಪ್ರಾಚೀನ ಆಚಾರ್ಯರಾದ ನಾಥಮುನಿಗಳ ವಂಶಕ್ಕೆ ತಾವು ಸೇರಿದವರೆಂಬ ಅಭಿಮಾನವು ಆ ಮನೆಯಲ್ಲಿ ತಲೆತಲಾಂತರದಿಂದ ಬೆಳೆದು ಬಂದಿದ್ದಿತು. ಐದನೆಯ ವರ್ಷದಲ್ಲಿಯೇ ಉಪನಯನವಾಗಿ, ತಂದೆಯೇ ಮಗನಿಗೆ ಮೊದಲ ಗುರುವಾದರು. ಸಂಸ್ಕೃತದ ಅಕ್ಷರಗಳೊಂದಿಗೇ ಪತಂಜಲಿಯ ಯೋಗಸೂತ್ರಗಳನ್ನೂ ಕೆಲವು ಆಸನಗಳನ್ನೂ ಬಾಲಕನು ಕಲಿತನು. ಆದರೆ ಈ ಪಾಠ ಬಹುಕಾಲ ನಡೆಯಲಿಲ್ಲ. ಬಾಲಕನಿಗೆ ಹತ್ತು ವರ್ಷವಾಗುವಷ್ಟರಲ್ಲಿ ತಂದೆಯು ತೀರಿಕೊಂಡರು. ಸಂಸಾರವು ಮೈಸೂರನ್ನು ಸೇರಬೇಕಾಯಿತು. ಅಲ್ಲಿಯ ಪರಕಾಲ ಮಠದಲ್ಲಿ ಅವರ ಮುತ್ತಜ್ಜನವರೇ ಪೀಠಾಧಿಪತಿಗಳಾಗಿದ್ದುದರಿಂದ ತಂದೆಯಿಲ್ಲದ ಬಾಲಕನ ವಿದ್ಯಾಭ್ಯಾಸಕ್ಕೆ ಆಸರೆ ದೊರೆಯಿತು.

ಕೃಷ್ಣಮಾಚಾರ್ಯರ ಯೌವನವೆಲ್ಲ ಕಲಿಕೆಯಲ್ಲಿ ಕಳೆಯಿತೆನ್ನಬಹುದು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು. ವೈಣಿಕ ಶಿಖಾಮಣಿ ಶೇಷಣ್ಣನವರಲ್ಲಿ ವೀಣೆಯನ್ನು ಅಭ್ಯಾಸಮಾಡಿದರು. ಹದಿನೆಂಟರ ಪ್ರಾಯದಲ್ಲಿ ಕಾಶಿಗೆ ಹೋಗಿ ವ್ಯಾಕರಣ, ತರ್ಕ ಮೊದಲಾದ ಶಾಸ್ತ್ರಗಳನ್ನು ವ್ಯಾಸಂಗಮಾಡಿ ಮರಳಿದರು; ಕೆಲವು ವರ್ಷಗಳ ಬಳಿಕ ಮತ್ತೆ ಕಾಶಿಗೆ ಹೋದರು. ಮನೆಯಿಂದ ಹಣ ಬರುವಂತಿರಲಿಲ್ಲ. ಭಿಕ್ಷುಗಳಿಗೆ ವಿಹಿತವಾದ ನಿಯಮದಂತೆ ದಿನಕ್ಕೆ ಏಳೇ ಮನೆಗಳ ಬಾಗಿಲಿನಲ್ಲಿ ನಿಂತು, ದೊರೆತ ಗೋಧಿಯ ಹಿಟ್ಟನ್ನು ನೀರಿನಲ್ಲಿ ಕಲಸಿ, ಸುಟ್ಟುಕೊಂಡು ತಿಂದು ಓದಿದರು. ಎಂಟನೆಯ ಮನೆಯ ಮುಂದೆ ಅವರು ನಿಲ್ಲುತ್ತಿರಲಿಲ್ಲ. ಹಸಿವಿಗಿಂತ ನಿಯಮವೇ ದೊಡ್ಡದೆಂಬ ಈ ಕಾಠಿಣ್ಯವು ಅವರಿಗೆ ಮೊದಲಿನಿಂದಲೂ ಇದ್ದಿತು. ತಮ್ಮ ಮೇಲೆ ಅವರು ಹೇರಿಕೊಂಡ ಈ ಕಾಠಿಣ್ಯವನ್ನೇ ಮುಂದೆ ಪರರ ಮೇಲೆಯೂ ಹೇರಿದರು. ಅಲ್ಲಿಯೇ ತೊಡಕು ಹುಟ್ಟಿತು.

ಶಾಸ್ತ್ರಗಳನ್ನು ಓದಿದಷ್ಟೂ ಯೋಗವನ್ನು ಬಲ್ಲ ಗುರುವೊಬ್ಬನನ್ನು ಕಾಣಬೇಕೆಂಬ ಹಂಬಲ ಅವರಲ್ಲಿ ಬಲವಾಯಿತು. ಪ್ರಸಿದ್ಧ ವಿದ್ವಾಂಸರಾದ ಗಂಗಾನಾಥ ಝಾ ಅವರ ಸೂಚನೆಯಂತೆ ಹಿಮಾಲಯವನ್ನು ದಾಟಿ, ಮಾನಸ ಸರೋವರದ ಸಮೀಪದಲ್ಲಿ ವಾಸವಾಗಿದ್ದ ರಾಮಮೋಹನ ಬ್ರಹ್ಮಚಾರಿಗಳೆಂಬ ಯೋಗಿಗಳನ್ನು ಸೇರಿ, ಸುಮಾರು ಏಳೂವರೆ ವರ್ಷಗಳ ಕಾಲ ಅವರ ಬಳಿಯಲ್ಲಿ ಯೋಗಾಭ್ಯಾಸ ಮಾಡಿದರೆಂದು ಅವರ ಶಿಷ್ಯಪರಂಪರೆಯಲ್ಲಿ ಹೇಳಿಕೆಯಿದೆ. ಈ ಯಾತ್ರೆಗೆ ಆಚಾರ್ಯರು ತಾವೇ ಹೇಳಿದ ನೆನಪುಗಳ ಹೊರತು ಬೇರೆ ಆಧಾರ ಸಾಲದೆಂದೂ, ಇಸವಿಗಳು ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲವೆಂದೂ ಇತ್ತೀಚಿನ ಸಂಶೋಧಕರು ತೋರಿಸಿದ್ದಾರೆ. ಅದೇನೇ ಇರಲಿ, ಅವರು ಮರಳಿ ಬಂದಾಗ ಅವರಲ್ಲಿದ್ದ ವಿದ್ಯೆಯು ಪುಸ್ತಕದಿಂದ ಮಾತ್ರ ದೊರೆಯುವಂತಹುದಾಗಿರಲಿಲ್ಲ. ಅಧ್ಯಯನವು ಮುಗಿದಾಗ ಗುರುವು ಕೇಳಿದ ದಕ್ಷಿಣೆಯೂ ವಿಲಕ್ಷಣವಾಗಿದ್ದಿತು: ಸಂನ್ಯಾಸಿಯಾಗದೆ ನಾಡಿಗೆ ಹಿಂದಿರುಗಿ, ಮದುವೆಯಾಗಿ, ಮಕ್ಕಳನ್ನು ಪಡೆದು, ಸಂಸಾರದ ನಡುವೆಯೇ ಯೋಗವನ್ನು ಜನರಿಗೆ ಕಲಿಸಬೇಕು. ಇಷ್ಟೇ ಆ ದಕ್ಷಿಣೆ. ಅದನ್ನು ಸಲ್ಲಿಸುವುದು ಎಷ್ಟು ಕಷ್ಟವೆಂಬುದು ಆಚಾರ್ಯರಿಗೆ ಬಹುಬೇಗ ತಿಳಿಯಿತು.

1925ರಲ್ಲಿ ಅವರು ನಾಮಗಿರಿಯಮ್ಮನವರ ಕೈಹಿಡಿದರು. ಕಾಶಿಯಲ್ಲಿ ಓದಿದ ಪಂಡಿತನಿಗೆ ಯಾವುದಾದರೂ ಆಸ್ಥಾನದಲ್ಲಿ ಉನ್ನತ ಸ್ಥಾನ ಸುಲಭವಾಗಿ ದೊರೆಯಬಹುದಾಗಿದ್ದಿತು. ಆದರೆ ಯೋಗವನ್ನು ಕಲಿಸುವವನಿಗೆ ಆ ಕಾಲದಲ್ಲಿ ಅನ್ನವಿರಲಿಲ್ಲ. ಯೋಗವೆಂದರೆ ಕಾಡು ಸೇರಿದ ಬೈರಾಗಿಗಳ ವಿದ್ಯೆಯೆಂದೋ ಸಂತೆಯಲ್ಲಿ ಕಸರತ್ತು ತೋರಿಸುವವರ ಆಟವೆಂದೋ ಜನರು ಎಣಿಸಿದ್ದರು. ಗುರುವಿಗೆ ಕೊಟ್ಟ ಮಾತನ್ನು ಬಿಡಲಾರದೆ, ಹೊಟ್ಟೆಪಾಡಿಗಾಗಿ ಆಚಾರ್ಯರು ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಆಳುಗಳ ಮೇಲ್ವಿಚಾರಣೆಯ ಕೆಲಸಕ್ಕೆ ಸೇರಿದರು. ಉಡಲು ಬಟ್ಟೆಯಿಲ್ಲದೆ ಹೆಂಡತಿಯ ಸೀರೆಯ ತುಂಡನ್ನು ಹರಿದು ಕೌಪೀನ ಮಾಡಿಕೊಂಡ ದಿನಗಳೂ ಉಂಟು. ಬಿಡುವು ದೊರೆತಾಗಲೆಲ್ಲ ಊರೂರಿಗೆ ಹೋಗಿ ಯೋಗದ ವಿಷಯವಾಗಿ ಭಾಷಣ ಮಾಡುತ್ತಿದ್ದರು. ಜನರನ್ನು ಸೆಳೆಯಲು ಬರಿಯ ಮಾತು ಸಾಲದಾದಾಗ ಚಲಿಸುವ ಮೋಟಾರು ಗಾಡಿಯನ್ನು ಕೈಯಿಂದ ತಡೆದು ನಿಲ್ಲಿಸುವುದು, ಭಾರವಾದ ವಸ್ತುಗಳನ್ನು ಹಲ್ಲಿನಿಂದ ಎತ್ತುವುದು, ನಾಡಿಯ ಬಡಿತ ಕೈಗೆ ಸಿಕ್ಕದಂತೆ ಮಾಡುವುದು ಮುಂತಾದ ಸಾಹಸಗಳನ್ನು ತೋರಿಸುತ್ತಿದ್ದರು. ಇವು ಯೋಗದ ಗುರಿಯಲ್ಲವೆಂಬುದು ಅವರಿಗೆ ತಿಳಿಯದ ಮಾತಲ್ಲ. ಆದರೂ ಅಂಗಡಿಯಿಟ್ಟವನು ಮುಂದಿನ ಸಾಲಿನಲ್ಲಿ ಹೊಳೆಯುವ ಸಾಮಾನನ್ನೇ ಇಡಬೇಕಾಗುತ್ತದೆ. 1927ರಲ್ಲಿ ಹಾಸನದಲ್ಲಿ ನಡೆದ ಇಂತಹದೊಂದು ಪ್ರದರ್ಶನವನ್ನು ಹತ್ತಿರದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬನು ಬೆರಗಾಗಿ ನೋಡಿ, ಮರುದಿನವೇ ಆಚಾರ್ಯರ ಶಿಷ್ಯನಾದನು. ಆ ಹುಡುಗನೇ ಮುಂದೆ ಮೈಸೂರಿನ ಯೋಗಗುರುವೆಂದು ಜಗದ್ವಿಖ್ಯಾತನಾದ ಪಟ್ಟಾಭಿ ಜೋಯಿಸ್.

ಆಚಾರ್ಯರ ಕೀರ್ತಿಯು ನಾಲ್ವಡಿ ಕೃಷ್ಣರಾಜ ಒಡೆಯರ ಕಿವಿಗೆ ಬೀಳದೆ ಇರಲಿಲ್ಲ. ವಿದ್ಯಾಪಕ್ಷಪಾತಿಯಾದ ಆ ಮಹಾರಾಜರು ದೇಹಾಲಸ್ಯದಿಂದಲೂ ಬಳಲುತ್ತಿದ್ದರು. ಯೋಗಾಭ್ಯಾಸದಿಂದ ತಮಗೆ ಗುಣ ಕಂಡುಬಂದಿತೆಂದು ಅವರಿಗೆ ಮನವರಿಕೆಯಾಯಿತು. ಮೊದಲು 1931ರಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಆಚಾರ್ಯರಿಗೆ ಬೋಧಕರ ಕೆಲಸ ದೊರೆಯಿತು. ಎರಡು ವರ್ಷಗಳ ತರುವಾಯ ಜಗನ್ಮೋಹನ ಅರಮನೆಯಲ್ಲಿ ಸ್ವತಂತ್ರವಾದ ಯೋಗಶಾಲೆಯೇ ಸ್ಥಾಪಿತವಾಯಿತು. 1934ರಲ್ಲಿ ಆಚಾರ್ಯರು ಬರೆದ 'ಯೋಗಮಕರಂದ'ವೂ, 1941ರಲ್ಲಿ ಬರೆದ 'ಯೋಗಾಸನಗಳು' ಎಂಬ ಗ್ರಂಥವೂ ಕನ್ನಡದಲ್ಲಿಯೇ ಹೊರಬಂದುವು. ಇಂದು ಜಗತ್ತಿನ ನಾನಾ ದೇಶಗಳಲ್ಲಿ ಕಲಿಸಲ್ಪಡುತ್ತಿರುವ ಯೋಗಾಸನ ಪದ್ಧತಿಗಳ ಮೂಲಗ್ರಂಥಗಳಲ್ಲಿ ಎರಡು ಕನ್ನಡದವೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ನಮ್ಮಲ್ಲಿ ಅವನ್ನು ಓದಿದವರು ಕಡಮೆಯೆಂಬುದು ಅಷ್ಟೇ ನಿಜ.

ಯೋಗಶಾಲೆಯ ಬಾಲಕರಿಗೆ ಆಚಾರ್ಯರು ಸಿಂಹಸ್ವಪ್ನವಾಗಿದ್ದರು. ಒಂದು ಆಸನದಿಂದ ಇನ್ನೊಂದಕ್ಕೆ ಜಿಗಿಯುತ್ತ, ಉಸಿರಿನ ಲೆಕ್ಕ ತಪ್ಪದಂತೆ, ಸೈನಿಕರ ಕವಾಯತಿನಂತೆ ಅಭ್ಯಾಸ ನಡೆಯಬೇಕು. ತಪ್ಪಿದರೆ ಗದರಿಕೆ, ಹಲವು ವೇಳೆ ಏಟು. ಈ ಮಾತಿಗೆ ಸಾಕ್ಷಿಯಾದವರು ಪರಕೀಯರಲ್ಲ. ಆಚಾರ್ಯರ ಪತ್ನಿಯ ತಮ್ಮಂದಿರೇ ಆದ ಬಿ. ಕೆ. ಎಸ್. ಅಯ್ಯಂಗಾರರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರರು ಕ್ಷಯ, ಮಲೇರಿಯಾ, ವಿಷಮಜ್ವರಗಳಿಂದ ನವೆದು, ಕಡ್ಡಿಯಂತಹ ಕೈಕಾಲುಗಳನ್ನು ಹೊತ್ತುಕೊಂಡು 1934ರಲ್ಲಿ ಅಕ್ಕನ ಮನೆಗೆ ಬಂದರು. ಬಹುದಿನಗಳವರೆಗೆ ಭಾವನವರು ಈ ಬಡಕಲು ಹುಡುಗನ ಕಡೆಗೆ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿದ್ದ ಮೆಚ್ಚಿನ ಶಿಷ್ಯನೊಬ್ಬನು ಹೇಳದೆ ಕೇಳದೆ ಹೊರಟುಹೋದಾಗ, ಸನ್ನಿಹಿತವಾಗಿದ್ದ ಪ್ರದರ್ಶನಕ್ಕಾಗಿ ಇವನನ್ನೇ ಅವಸರದಿಂದ ಅಣಿಗೊಳಿಸಿದರು. ಮುಂದೊಂದು ಪ್ರದರ್ಶನದಲ್ಲಿ ಗುರುವು ಹನುಮಾನಾಸನವನ್ನು ಮಾಡೆಂದು ಆಜ್ಞಾಪಿಸಿದರು. ಕಾಲುಗಳನ್ನು ಹಿಂದೆ ಮುಂದೆ ನೀಳವಾಗಿ ಚಾಚಿ ನೆಲಕ್ಕೆ ಹತ್ತಿಸುವ ಕಠಿಣ ಆಸನವದು. ತನಗದು ಬಾರದೆಂದು ನೇರವಾಗಿ ಹೇಳಲು ಧೈರ್ಯ ಸಾಲದೆ, ತೊಟ್ಟ ಚಡ್ಡಿಯು ಬಿಗಿಯಾಗಿದೆಯೆಂದು ಹುಡುಗನು ನೆಪ ಹೇಳಿದನು. ಗುರುವು ಕತ್ತರಿ ತರಿಸಿ ಚಡ್ಡಿಯ ಅಂಚನ್ನು ಕತ್ತರಿಸಿಸಿದರು. ಹುಡುಗನು ಆಸನವನ್ನು ಮಾಡಿ ತೋರಿಸಿದನು. ತೊಡೆಯ ಸ್ನಾಯುಗಳು ಹರಿದುವು. ಆ ನೋವು ವರ್ಷಗಟ್ಟಲೆ ಮಾಯಲಿಲ್ಲ. ಅಯ್ಯಂಗಾರರು ಪ್ರಖ್ಯಾತರಾದ ಮೇಲೆ ಈ ಪ್ರಸಂಗವನ್ನು ಮರೆಮಾಚದೆ ಹೇಳಿದ್ದಾರೆ. ಹೇಳುವಾಗಲೆಲ್ಲ ತಮಗೆ ಯೋಗವನ್ನು ಕೊಟ್ಟವರು ಅವರೇ ಎಂಬುದನ್ನೂ ಸೇರಿಸಿದ್ದಾರೆ.

ಕೋಪವನ್ನು ಗೆಲ್ಲುವ ವಿದ್ಯೆಯನ್ನು ಕಲಿಸುವವರಲ್ಲಿಯೇ ಇಂತಹ ಕೋಪವಿದ್ದಿತೇ ಎಂದು ಓದುವವರಿಗೆ ಅಚ್ಚರಿಯಾಗಬಹುದು. ಅಂದಿನ ಗುರುಕುಲಗಳಲ್ಲಿ ಹೊಡೆತವು ವಿದ್ಯೆಯ ಒಂದು ಅಂಗವೆಂದೇ ಪರಿಗಣಿತವಾಗಿದ್ದಿತೆಂಬುದು ದಿಟ. ಆದರೆ ಆ ಮಾತಿನಿಂದ ಹರಿದ ಸ್ನಾಯು ಕೂಡಿಕೊಳ್ಳುವುದಿಲ್ಲ. ಶಿಷ್ಯನ ಶಕ್ತಿಯನ್ನು ಅಳೆಯದೆ ಆಜ್ಞೆಯಿತ್ತುದು ಗುರುವಿನ ತಪ್ಪೇ ಸರಿ. ಆಚಾರ್ಯರ ದೊಡ್ಡತನವನ್ನು ಕಾಣಬೇಕಾದರೆ ಈ ತಪ್ಪನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಆ ದಿನಗಳಲ್ಲಿಯೂ ಅವರ ಕಟ್ಟಳೆಗಳು ಕೆಲವೊಮ್ಮೆ ಸಡಿಲವಾದುದುಂಟು. 1936ರಲ್ಲಿ ಅವರು ಶಿಷ್ಯರೊಡನೆ ಉತ್ತರ ಕರ್ನಾಟಕದ ಪ್ರವಾಸ ಕೈಕೊಂಡರು. ಧಾರವಾಡದಲ್ಲಿ ಕೆಲವರು ಮಹಿಳೆಯರು ತಮಗೂ ಯೋಗವನ್ನು ಕಲಿಸಬೇಕೆಂದು ಮುಂದೆ ಬಂದರು. ಶಿಷ್ಯರಲ್ಲಿ ಎಲ್ಲರಿಗಿಂತ ಕಿರಿಯನೆಂಬ ಕಾರಣದಿಂದ ಅವರಿಗೆ ಕಲಿಸುವ ಹೊಣೆ ಅಯ್ಯಂಗಾರರ ಪಾಲಿಗೆ ಬಂದಿತು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ನರಾಗಿದ್ದ ಡಾ. ವಿ. ಬಿ. ಗೋಖಲೆಯವರು ಈ ತರುಣನನ್ನು ಮೆಚ್ಚಿ, ಮರುವರ್ಷ ಪುಣೆಗೆ ಕರೆಸಿಕೊಂಡರು. ಯೋಗವು ಸ್ತ್ರೀಯರಿಗೂ ಸಲ್ಲತಕ್ಕದ್ದೆಂಬುದು ಆಚಾರ್ಯರ ದೃಢವಾದ ಮತವಾಗಿದ್ದಿತು. 1938ರಲ್ಲಿ ತೆಗೆದ ಮೂಕಚಿತ್ರವೊಂದು ಇಂದಿಗೂ ಉಳಿದಿದೆ. ಅದರಲ್ಲಿ ಆಚಾರ್ಯರೊಡನೆ ಅವರ ಪತ್ನಿ ನಾಮಗಿರಿಯಮ್ಮನವರೂ ಎಳೆಯ ಮಕ್ಕಳೂ ಆಸನಗಳನ್ನು ಹಾಕುವುದನ್ನು ಕಾಣಬಹುದು.

ಹೀಗಿದ್ದರೂ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ, ಇಂದ್ರಾದೇವಿಯೆಂದು ಹೆಸರಿಟ್ಟುಕೊಂಡಿದ್ದ ಮಹಿಳೆಯೊಬ್ಬರು ಬಂದು ಪಾಠವನ್ನು ಬೇಡಿದಾಗ ಆಚಾರ್ಯರು ಕಡ್ಡಿ ಮುರಿದಂತೆ ನಿರಾಕರಿಸಿದರು. ಆಕೆ ಪರದೇಶದವಳು, ಮೇಲಾಗಿ ಹೆಂಗಸು. ಮಹಾರಾಜರು ನಡುವೆ ಬಂದು ಹೇಳಿದಾಗ ಮನಸ್ಸಿಲ್ಲದೆ ಒಪ್ಪಿದರು. ಆಕೆ ತಾನಾಗಿಯೇ ಬಿಟ್ಟುಹೋಗಲೆಂದು ಊಟಕ್ಕೂ ನಿದ್ದೆಗೂ ಕಠಿಣವಾದ ಕಟ್ಟುಪಾಡುಗಳನ್ನು ವಿಧಿಸಿದರು. ಆಕೆ ಎಲ್ಲವನ್ನೂ ನಗುಮೊಗದಿಂದ ಪಾಲಿಸಿದರು. ದಿನ ಕಳೆದಂತೆ ಗುರುವಿನ ಗಂಟುಮೋರೆ ಸಡಿಲವಾಯಿತು. ಆಕೆಯು ಊರನ್ನು ಬಿಡುವ ಹೊತ್ತಿಗೆ, ಹೋದಲ್ಲೆಲ್ಲ ಯೋಗವನ್ನು ಕಲಿಸಬೇಕೆಂದು ಅಪ್ಪಣೆಯಿತ್ತು ಹರಸಿ ಕಳುಹಿಸಿದರು. ಚೀನದ ಶಾಂಘೈಯಲ್ಲಿಯೂ ಮುಂದೆ ಅಮೆರಿಕದ ಹಾಲಿವುಡ್ಡಿನಲ್ಲಿಯೂ ಇಂದ್ರಾದೇವಿಯವರು ಯೋಗಶಾಲೆಗಳನ್ನು ತೆರೆದರು. ಆಚಾರ್ಯರು ಮಾತ್ರ ಬದುಕಿನಲ್ಲಿ ಒಮ್ಮೆಯೂ ಕಡಲನ್ನು ದಾಟಲಿಲ್ಲ.

1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದರು. ಆಸರೆಯ ಮರವು ಉರುಳಿದಂತಾಯಿತು. ಯೋಗಶಾಲೆಗೆ ಬರುತ್ತಿದ್ದ ಶಿಷ್ಯರ ಸಂಖ್ಯೆ ವರುಷ ವರುಷಕ್ಕೂ ಇಳಿಯಿತು. ಸ್ವಾತಂತ್ರ್ಯಾನಂತರ ಆಡಳಿತವು ಅರಮನೆಯ ಕೈಯಿಂದ ಜನಪ್ರತಿನಿಧಿಗಳ ಕೈಗೆ ಬಂದಿತು. ಹೊಸ ಸರ್ಕಾರಕ್ಕೆ ಯೋಗಶಾಲೆಯು ಅವಶ್ಯವೆಂದು ತೋರಲಿಲ್ಲ. 1950ರಲ್ಲಿ ಅದರ ಬಾಗಿಲು ಮುಚ್ಚಿತು. ಆಗ ಆಚಾರ್ಯರ ವಯಸ್ಸು ಅರುವತ್ತನ್ನು ಮೀರಿದ್ದಿತು. ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳ ಸಂಸಾರ. ಉಳಿದವರೆಲ್ಲ ಕೆಲಸದಿಂದ ನಿವೃತ್ತರಾಗುವ ಪ್ರಾಯದಲ್ಲಿ ಅವರು ಹೊಟ್ಟೆಪಾಡಿಗಾಗಿ ಹೊಸ ಊರನ್ನು ಹುಡುಕಿಕೊಂಡು ಹೊರಡಬೇಕಾಯಿತು.

ಆ ಊರು ಮದರಾಸು, ಎಂದರೆ ಇಂದಿನ ಚೆನ್ನೈ. ಪಾರ್ಶ್ವವಾಯುವಿನಿಂದ ನರಳುತ್ತಿದ್ದ ಅಲ್ಲಿಯ ಹೆಸರಾಂತ ನ್ಯಾಯವೇತ್ತರೊಬ್ಬರು ಚಿಕಿತ್ಸೆಗಾಗಿ ಅವರನ್ನು ಕರೆಸಿಕೊಂಡರು. ವಿವೇಕಾನಂದ ಕಾಲೇಜಿನಲ್ಲಿ ಯೋಗವನ್ನು ಬೋಧಿಸುವ ಕೆಲಸವೂ ದೊರೆಯಿತು. ಇಲ್ಲಿ ಆಚಾರ್ಯರ ಎದುರಿಗೆ ಬಂದು ಕುಳಿತವರು ಅರಮನೆಯ ಚುರುಕು ಬಾಲಕರಲ್ಲ. ಮೈ ಬಗ್ಗದವರು, ರಕ್ತದೊತ್ತಡದವರು, ಉಬ್ಬಸದವರು, ಮನಸ್ಸಿನ ತಳಮಳದಿಂದ ರಾತ್ರಿಯೆಲ್ಲ ಹೊರಳಾಡುವವರು. ಇವರನ್ನು ಗದರಿಸಿ ಪ್ರಯೋಜನವಿಲ್ಲ. ಪಾರ್ಶ್ವವಾಯು ಹೊಡೆದ ಕೈಯು ಕೋಪಕ್ಕೆ ಹೆದರಿ ಮೇಲಕ್ಕೇಳುವುದಿಲ್ಲ. ಇಂತಹವರ ಪಕ್ಕದಲ್ಲಿ ಕುಳಿತು, ಅವರ ಉಸಿರು ಎಷ್ಟು ದೂರ ಹೋಗಿ ಎಲ್ಲಿ ತಡೆಯುವುದೆಂಬುದನ್ನು ಗಮನಿಸಬೇಕು. ಒಂದು ಬೆರಳು ಅಲುಗುವುದಕ್ಕೂ ಕಾಯಬೇಕು. ಮೈಸೂರಿನಲ್ಲಿಯೂ ಅವರು ರೋಗಿಗಳನ್ನು ನೋಡಿದ್ದರು, ನಿಜ. ಆದರೆ ಮದರಾಸಿನಲ್ಲಿ ರೋಗಿಗಳೇ ಅವರ ಶಾಲೆಯಾದರು. ಹಳೆಯ ಶಿಷ್ಯರು ಕಂಡಿದ್ದ ಉಗ್ರಮೂರ್ತಿಯು ಹೊಸ ಶಿಷ್ಯರಿಗೆ ಕಾಣಲಿಲ್ಲ. ಇದು ವಯಸ್ಸಿನ ಫಲವೆಂದು ಕೆಲವರು ಹೇಳಬಹುದು. ವಯಸ್ಸಾದಂತೆ ಸಿಡುಕು ಹೆಚ್ಚಿದವರನ್ನೂ ಲೋಕವು ಕಂಡಿದೆಯಷ್ಟೆ.

ಕೋಪಕ್ಕೂ ಉಸಿರಿಗೂ ಇರುವ ಸಂಬಂಧವನ್ನು ಪ್ರತಿಯೊಬ್ಬನೂ ತನ್ನಲ್ಲಿಯೇ ಪರೀಕ್ಷಿಸಿ ನೋಡಬಹುದು. ಸಿಟ್ಟು ಬಂದೊಡನೆ ಉಸಿರು ಮೋಟಾಗುತ್ತದೆ, ಬಿರುಸಾಗುತ್ತದೆ, ಎದೆ ಡವಗುಟ್ಟುತ್ತದೆ, ಹಲ್ಲು, ಮುಷ್ಟಿ, ಹುಬ್ಬುಗಳೆಲ್ಲ ಬಿಗಿಯುತ್ತವೆ. ಮನಸ್ಸು ಕದಡಿದಾಗ ಉಸಿರೂ ಕದಡುವುದೆಂದು ಪತಂಜಲಿಯು ಬಹು ಹಿಂದೆಯೇ ಕಂಡುಕೊಂಡಿದ್ದನು. ಮನಸ್ಸಿಗೆ ಕೈಹಾಕಿ ಹಿಡಿಯುವುದು ಸಾಧ್ಯವಿಲ್ಲ, ಉಸಿರನ್ನಾದರೋ ಹಿಡಿಯಬಹುದು. ಆದುದರಿಂದ ಉಸಿರನ್ನು ನಿಧಾನವಾಗಿ, ಪೂರ್ತಿಯಾಗಿ ಹೊರಕ್ಕೆ ಬಿಡುವ ಅಭ್ಯಾಸವನ್ನು ಅವನು ಮನಃಶಾಂತಿಯ ಉಪಾಯಗಳಲ್ಲಿ ಒಂದೆಂದು ಎಣಿಸಿದನು. ಇಂದಿನ ಶರೀರಶಾಸ್ತ್ರವೂ ಇದಕ್ಕೆ ಕಾರಣ ಕೊಡುತ್ತದೆ. ಉಸಿರನ್ನು ಒಳಕ್ಕೆ ಎಳೆದುಕೊಂಡಾಗ ಹೃದಯದ ಬಡಿತ ಕೊಂಚ ಏರುತ್ತದೆ. ಹೊರಕ್ಕೆ ಬಿಡುವಾಗ ಇಳಿಯುತ್ತದೆ. ಮಿದುಳಿನಿಂದ ಹೊರಟು ಹೃದಯ, ಜಠರಗಳವರೆಗೆ ಹಬ್ಬಿರುವ ವೇಗಸ್ ಎಂಬ ನರವು ಹೃದಯವನ್ನು ಹೀಗೆ ತಣಿಸುತ್ತದೆ. ಸುಖಿಗಳಲ್ಲಿ ಸ್ನೇಹ, ದುಃಖಿಗಳಲ್ಲಿ ಕರುಣೆ, ಒಳ್ಳೆಯವರನ್ನು ಕಂಡು ಸಂತೋಷ, ಕೆಟ್ಟವರ ವಿಷಯದಲ್ಲಿ ಉದಾಸೀನ ಎಂಬ ನಾಲ್ಕು ಭಾವಗಳನ್ನೂ ಪತಂಜಲಿಯು ಇದೇ ಪ್ರಕರಣದಲ್ಲಿ ಹೇಳಿದ್ದಾನೆ. ಕೃಷ್ಣಮಾಚಾರ್ಯರು ಇವನ್ನೆಲ್ಲ ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದವರು. ಕಂಠದಲ್ಲಿದ್ದುದು ನಡತೆಗೆ ಇಳಿಯಲು ಅವರಿಗೂ ಬಹಳ ವರ್ಷಗಳು ಬೇಕಾದುವು.

ಅವರ ಚಿಕಿತ್ಸೆಯ ಕ್ರಮವು ಸರಳವಾಗಿ ತೋರಿದರೂ ಸೂಕ್ಷ್ಮವಾಗಿದ್ದಿತು. ಬಂದವರ ನಾಡಿಯನ್ನು ಹಿಡಿದು ನೋಡುವರು. ಮೈಬಣ್ಣ, ಉಸಿರಿನ ಧ್ವನಿ, ಊಟ, ನಿದ್ದೆ, ಉದ್ಯೋಗ, ಮನೆಯ ಚಿಂತೆ ಎಲ್ಲವನ್ನೂ ವಿಚಾರಿಸುವರು. ಆಯುರ್ವೇದವನ್ನು ಬಲ್ಲವರಾದುದರಿಂದ ಪಥ್ಯವನ್ನೂ ಮೂಲಿಕೆಗಳನ್ನೂ ಸೂಚಿಸುವರು. ಬಳಿಕ ಅವರವರಿಗೆ ತಕ್ಕ ಕೆಲವೇ ಆಸನಗಳನ್ನು ಹೇಳಿಕೊಡುವರು. ಕೈಯನ್ನೆತ್ತುವಾಗ ಉಸಿರನ್ನೆಳೆಯುವುದು, ಬಾಗುವಾಗ ಬಿಡುವುದು. ಉಸಿರು ಮುಗಿದೊಡನೆ ಚಲನೆಯೂ ಮುಗಿಯಬೇಕು. ಉಸಿರು ಮುಂದೆ, ಅಂಗವು ಅದರ ಹಿಂದೆ. ಒಬ್ಬರಿಗೆ ಹೇಳಿದ ಪಾಠವನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಗುಂಪಿಗೆಲ್ಲ ಒಂದೇ ಕವಾಯತು ಮಾಡಿಸಿದ್ದ ಮೈಸೂರಿನ ಗುರುವು, ಶಿಷ್ಯನನ್ನು ಯೋಗಕ್ಕೆ ಒಗ್ಗಿಸುವುದನ್ನು ಬಿಟ್ಟು ಯೋಗವನ್ನು ಶಿಷ್ಯನಿಗೆ ಒಗ್ಗಿಸತೊಡಗಿದ್ದರು.

ಅವರ ಮಗ ದೇಶಿಕಾಚಾರ್ಯರು 1938ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಪದವಿಯನ್ನು ಪಡೆದು ಉದ್ಯೋಗಕ್ಕೆ ಹೊರಟಿದ್ದರು. ತಂದೆಯ ವಿದ್ಯೆಯಲ್ಲಿ ಅವರಿಗೆ ಅಷ್ಟಾಗಿ ಆಸಕ್ತಿಯಿರಲಿಲ್ಲ. 1961ರಲ್ಲಿ ಒಂದು ದಿನ ಅವರು ಮದರಾಸಿನ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ದೊಡ್ಡ ಕಾರೊಂದು ಬಂದು ನಿಂತಿತು. ಅದರಿಂದಿಳಿದ ವಿದೇಶೀಯ ಮಹಿಳೆಯೊಬ್ಬರು ಓಡಿಬಂದು, ಮಡಿವಂತ ವೈಷ್ಣವ ಬ್ರಾಹ್ಮಣರಾದ ತಂದೆಯವರನ್ನು ಬೀದಿಯೆದುರಿನಲ್ಲಿಯೇ ಅಪ್ಪಿಕೊಂಡು ಕೃತಜ್ಞತೆಯನ್ನು ಹೇಳಿದರು. ಮಗನು ದಂಗಾದನು. ಹಳೆಯ ಆಚಾರ್ಯರಾಗಿದ್ದರೆ ಆ ಕ್ಷಣ ಏನಾಗುತ್ತಿದ್ದಿತೋ! ತಂದೆಯು ಶಾಂತವಾಗಿ ಆಕೆಯನ್ನು ಒಳಕ್ಕೆ ಕರೆದೊಯ್ದರು. ವಿಚಾರಿಸಿದಾಗ ತಿಳಿದುದಿಷ್ಟು: ಆಕೆಗೆ ಬಹುಕಾಲದಿಂದ ನಿದ್ರಾನಾಶದ ವ್ಯಾಧಿ; ಗುಳಿಗೆಗಳಿಲ್ಲದೆ ಕಣ್ಣು ಮುಚ್ಚುತ್ತಿರಲಿಲ್ಲ. ಆಚಾರ್ಯರ ಪಾಠದಿಂದಾಗಿ ಹಿಂದಿನ ರಾತ್ರಿ ಗುಳಿಗೆಯಿಲ್ಲದೆಯೇ ನಿದ್ದೆ ಬಂದಿದ್ದಿತು. ಆಚಾರ್ಯರಿಗೆ ಇಂಗ್ಲಿಷಿನಲ್ಲಿ ಹೆಚ್ಚು ಪರಿಚಯವಿರಲಿಲ್ಲ. ಆಕೆಗೆ ನಮ್ಮ ಭಾಷೆಗಳು ಬಾರವು. ಮಾತಿಲ್ಲದೆಯೂ ನಡೆದ ಈ ಚಿಕಿತ್ಸೆಯನ್ನು ಕಂಡು ಮಗನು ಉದ್ಯೋಗದ ಯೋಚನೆಯನ್ನು ಬಿಟ್ಟು, ತನಗೂ ಕಲಿಸಬೇಕೆಂದು ತಂದೆಯನ್ನು ಕೇಳಿದನು. ತಂದೆಯು ಕೂಡಲೆ ಒಪ್ಪಲಿಲ್ಲ. ಬೆಳಗಿನ ಜಾವ ಮೂರೂವರೆ ಗಂಟೆಗೆ ಎದ್ದು ಬರಬೇಕೆಂದು ಕಟ್ಟಳೆ ವಿಧಿಸಿ, ಹುಡುಗನ ಹುರುಪು ನಿಲ್ಲುವುದೋ ಇಲ್ಲವೋ ಎಂದು ಕಾದು ನೋಡಿದರು. ಕೋಪವು ಮೆತ್ತಗಾಗಿದ್ದಿತೇ ಹೊರತು ಶಿಸ್ತು ಮೆತ್ತಗಾಗಿರಲಿಲ್ಲ.

ಆಚಾರ್ಯರು ಪರಮ ಭಕ್ತರು. ಪ್ರತಿನಿತ್ಯವೂ ಬೆಳಗಿನ ಜಾವದಲ್ಲಿ ಎದ್ದು ಆಸನ ಪ್ರಾಣಾಯಾಮಗಳನ್ನೂ ಸಂಧ್ಯಾವಂದನೆಯನ್ನೂ ಪೂಜೆಯನ್ನೂ ತಪ್ಪದೆ ನಡೆಸುತ್ತಿದ್ದರು. ಪರಕಾಲ ಮಠದ ಪೀಠವನ್ನು ಏರಬೇಕೆಂಬ ಕರೆಯು ಅವರಿಗೆ ಒಂದಕ್ಕಿಂತ ಹೆಚ್ಚು ಬಾರಿ ಬಂದಿದ್ದಿತು. ಪೀಠವನ್ನೇರಿದರೆ ಸಂಸಾರವನ್ನು ತೊರೆಯಬೇಕು. ಸಂಸಾರವನ್ನು ತೊರೆದರೆ ಗುರುದಕ್ಷಿಣೆಯ ಮಾತು ತಪ್ಪುತ್ತದೆ. ಆದುದರಿಂದ ಆ ಗೌರವವನ್ನು ಒಲ್ಲೆನೆಂದರು. ಆದರೆ ತಮ್ಮ ದೇವರನ್ನು ಅವರು ಬಂದವರ ಮೇಲೆ ಹೇರಲಿಲ್ಲ. ಧ್ಯಾನಕ್ಕೆ ಕುಳಿತವರು ತಮ್ಮ ಇಷ್ಟದೈವವನ್ನು ನೆನೆಯಬಹುದು. ದೇವರಲ್ಲಿ ನಂಬಿಕೆಯಿಲ್ಲದವರು ಸೂರ್ಯನನ್ನು ನೆನೆಯಬಹುದು. ಅದೂ ಒಪ್ಪದವರು ತಂದೆತಾಯಿಗಳನ್ನು ನೆನೆದರೂ ಸಾಕೆಂಬುದು ಅವರ ನಿಲುವಾಗಿದ್ದಿತು. ತಾನೇ ದೊಡ್ಡವನೆಂಬ ಭಾವವು ತಲೆಬಾಗಬೇಕು. ಯಾರ ಮುಂದೆ ಎಂಬುದು ಅವರವರ ಮನಸ್ಸಿಗೆ ಬಿಟ್ಟುದು. ಆಚಾರದಲ್ಲಿ ಸಂಪ್ರದಾಯಸ್ಥರಾದರೂ ಹೆಂಗಸರಿಗೆ ವೇದಮಂತ್ರಗಳ ಪಠನವನ್ನು ಕಲಿಸಲು ಅವರು ಹಿಂಜರಿಯಲಿಲ್ಲ.

1976ರಲ್ಲಿ ದೇಶಿಕಾಚಾರ್ಯರು ತಂದೆಯ ಹೆಸರಿನಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಸ್ಥಾಪಿಸಿದರು. ಪುಣೆಯಲ್ಲಿ ಅಯ್ಯಂಗಾರರು, ಮೈಸೂರಿನಲ್ಲಿ ಪಟ್ಟಾಭಿ ಜೋಯಿಸರು ತಮ್ಮ ತಮ್ಮ ಮಾರ್ಗದಲ್ಲಿ ಸಹಸ್ರಾರು ಶಿಷ್ಯರನ್ನು ಪಡೆದರು. ಮೂವರ ಪಾಠವೂ ಬೇರೆ ಬೇರೆ. ಅಯ್ಯಂಗಾರರ ಅಭ್ಯಾಸದಲ್ಲಿ ನಿಲುವಿನ ನಿಖರತೆ ಹೆಚ್ಚು. ಜೋಯಿಸರದು ಯೋಗಶಾಲೆಯ ದಿನಗಳ ಬಿರುಸಿನ ಅಭ್ಯಾಸ. ಮಗನದು ರೋಗಿಯ ಹಾಸಿಗೆಯ ಪಕ್ಕದ ನಿಧಾನ. ಒಬ್ಬನೇ ಗುರುವಿನ ಬೇರೆ ಬೇರೆ ವಯಸ್ಸುಗಳು ಶಿಷ್ಯರಲ್ಲಿ ಹೀಗೆ ಉಳಿದುಕೊಂಡುವು.

ತೊಂಬತ್ತಾರರ ಪ್ರಾಯದಲ್ಲಿ ಆಚಾರ್ಯರು ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿದಂತೆಯೇ ಮಾಡಬಹುದಾದ ಅಭ್ಯಾಸಗಳನ್ನು ತಮಗಾಗಿ ತಾವೇ ಯೋಜಿಸಿಕೊಂಡರು. ಇತರರಿಗೆ ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿದ್ದ ಪಾಠವದು: ಕೈ ಎಷ್ಟು ಏಳುವುದೋ ಅಷ್ಟೇ ಎತ್ತುವುದು, ಉಸಿರು ಎಷ್ಟು ನಿಲ್ಲುವುದೋ ಅಷ್ಟೇ ನಿಲ್ಲಿಸುವುದು. 1988ರಲ್ಲಿ ಅವರ ಜನ್ಮಶತಾಬ್ದಿಯ ಉತ್ಸವ ನಡೆದಾಗ ಆಚಾರ್ಯರು ಇನ್ನೂ ಪಾಠ ಹೇಳುತ್ತಿದ್ದರು. 1989ನೆಯ ಇಸವಿ ಫೆಬ್ರವರಿ 28ರಂದು, ನೂರು ವರುಷ ತುಂಬಿ ಮೂರು ತಿಂಗಳುಗಳಾದ ಮೇಲೆ, ಮದರಾಸಿನಲ್ಲಿ ಅವರು ಕೊನೆಯ ಉಸಿರನ್ನು ಬಿಟ್ಟರು.